ಒಳ್ಳೆ ಕೆಲಸ ಸಿಗುತ್ತಿಲ್ಲ. ಸಂಬಳ ಕಮ್ಮಿಯಾದರೂ ಇಷ್ಟದ ಕೆಲಸಕ್ಕೆ ಸೇರಬಹುದಾ?
ಬಿ.ಕಾಂ. ಮುಗಿದಿದೆ, ಬೆಂಗಳೂರಿನ ಕಾಲ್ ಸೆಂಟರಿನಲ್ಲಿ 18,000, ಊರಿನ ನರ್ಸರಿಯಲ್ಲಿ 14,000, ಗಿಡಗಳೆಂದರೆ ಇಷ್ಟ ಅಂತ ಬರೆದಿದ್ದೀರಿ. ನಾನಾಗಿದ್ದರೆ ನರ್ಸರಿಗೇ ಹೋಗುತ್ತಿದ್ದೆ.

ಎರಡೂ ಕಮ್ಮಿ ಸಂಬಳವೇ ಅಲ್ವಾ? 4,000 ಜಾಸ್ತಿ ಅನ್ನಿಸುತ್ತದೆ, ಆದರೆ ಪಿಜಿ ಬಾಡಿಗೆ ಕಟ್ಟಿದರೆ ಅದೂ ಹೋಯಿತು, ಮೇಲಿಂದ ಇನ್ನಷ್ಟು ಹೋಯಿತು. ಊರಲ್ಲಿ ಮನೆ ಊಟ ಇದೆ. ಕಸಿ ಕಟ್ಟುವುದು, ಮಣ್ಣು ಹದ ಮಾಡುವುದು ಕೈಗೆ ಹತ್ತಿದರೆ ನಾಳೆ ನಿಮ್ಮದೇ ನರ್ಸರಿ ಇಡಬಹುದು. ನಿಮ್ಮ ಬಿ.ಕಾಂ. ಲೆಕ್ಕವೂ ಅಲ್ಲಿ ಕೆಲಸಕ್ಕೆ ಬರುತ್ತದೆ.

ಆದರೆ ಮೊದಲು ಒಂದು ವಾರ ಸುಮ್ನೆ ಹೋಗಿ ಕೆಲಸ ಮಾಡಿ ನೋಡಿ. ಮನೆ ಕುಂಡಕ್ಕೆ ನೀರು ಹಾಕುವುದೇ ಬೇರೆ, ಏಪ್ರಿಲ್ ಬಿಸಿಲಲ್ಲಿ ಗೊಬ್ಬರದ ಚೀಲ ಹೊರುವುದೇ ಬೇರೆ.

ಇಎಸ್‌ಐ, ಅಂದರೆ ನೌಕರರಿಗಿರುವ ಸರ್ಕಾರಿ ಆರೋಗ್ಯ ವಿಮೆ, ಇದೆಯಾ ಅಂತಲೂ ಕೇಳಿ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳಕ್ಕೆ ಅದು ಸಿಗುತ್ತದೆ. ನಿಮ್ಮ ಪಾಲು ಶೇ. 0.75, ಮಾಲೀಕರದ್ದು ಶೇ. 3.25. ಕೆಲಸದವರು ಹತ್ತಕ್ಕಿಂತ ಕಮ್ಮಿ ಇದ್ದರೆ ಸಾಮಾನ್ಯವಾಗಿ ಇರುವುದಿಲ್ಲ. ಆಗ ಸಣ್ಣದೊಂದು ಆರೋಗ್ಯ ವಿಮೆ ನೀವೇ ಮಾಡಿಸಿಕೊಳ್ಳಿ.

ಮನೆಯ ಸಾಲದ ಕಂತು ನಿಮ್ಮ ತಲೆ ಮೇಲೇ ಇದ್ದರೆ ಮಾತ್ರ ಈ ಲೆಕ್ಕ ಬದಲಾಗಬಹುದು.