ಟೂಸಾನ್‌ನಲ್ಲಿ ಮನೆ ಮುಂದಿನ ಫೌಂಟನ್ ಗ್ರಾಸ್ ಕೀಳಲೇಬೇಕೇ?

ಅಮೆರಿಕದ ಅರಿಝೋನ ರಾಜ್ಯದ ಟೂಸಾನ್‌ನಲ್ಲಿ ನೀವು ಕೊಂಡ ಮನೆ ಮುಂದೆ ಹಳೆಯ ಮಾಲೀಕರು ಸಾಲಾಗಿ ಫೌಂಟನ್ ಗ್ರಾಸ್ ಎಂಬ ಅಲಂಕಾರದ ಹುಲ್ಲು ಹಾಕಿದ್ದರು, ಈಗ ಅದನ್ನು ತೆಗೆಯಿರಿ ಎಂದು ಎಚ್‌ಒಎಯಿಂದ (ಬಡಾವಣೆಯ ಮನೆ ಮಾಲೀಕರ ಸಂಘ) ಪತ್ರ ಬಂದಿದೆ ಎಂದು ಬರೆದಿದ್ದೀರಿ. ನೀರೇ ಬೇಡದ ಹುಲ್ಲಿನ ಮೇಲೆ ಮರುಭೂಮಿಯ ಊರಿನವರಿಗೆ ಯಾಕಿಷ್ಟು ಕೋಪ ಎಂದೂ ಕೇಳಿದ್ದೀರಿ. ನಾನೂ ಇದೇ ಊರಿನಲ್ಲಿದ್ದೇನೆ. ನನ್ನ ಉತ್ತರ: ಕಿತ್ತುಬಿಡಿ, ಪತ್ರ ಬರದಿದ್ದರೂ ಕೀಳಬೇಕಾದದ್ದೇ.

ಕಾನೂನಿನ ಮಾತು ಮೊದಲು. ಅರಿಝೋನ ಕೃಷಿ ಇಲಾಖೆ 2020ರಲ್ಲಿ ಫೌಂಟನ್ ಗ್ರಾಸನ್ನು ಹಾನಿಕಾರಕ ಕಳೆಗಳ ಪಟ್ಟಿಗೆ ಸೇರಿಸಿತು. ನರ್ಸರಿಗಳು ಅದನ್ನು ಮಾರುವಂತಿಲ್ಲ. ಆದರೆ ನಿಮ್ಮ ಅಂಗಳದಲ್ಲಿ ಆಗಲೇ ಬೆಳೆದಿರುವುದರ ಮೇಲೆ ಒತ್ತಡ ಬರುವುದು ಹೆಚ್ಚಾಗಿ ಎಚ್‌ಒಎಯಿಂದ. ಮನೆ ಕೊಳ್ಳುವಾಗ ಅವರ ಕರಾರಿಗೂ ನೀವು ಒಪ್ಪಿರುತ್ತೀರಿ. ಪತ್ರದಲ್ಲಿ ಯಾವ ಕಲಮನ್ನು ಹೇಳಿದ್ದಾರೆ, ಎಷ್ಟು ದಿನ ಕೊಟ್ಟಿದ್ದಾರೆ ನೋಡಿ. ಬದಲಿಗೆ ಏನು ನೆಡುತ್ತೀರೆಂಬುದಕ್ಕೂ ಮೊದಲೇ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ.

ನಿಮ್ಮ ಎರಡನೇ ಪ್ರಶ್ನೆಯೇ ನನಗೆ ಮುಖ್ಯ. ಹೊಸದಾಗಿ ಬಂದವರೆಲ್ಲ ಗಿಡವನ್ನು ನೀರಿನ ಲೆಕ್ಕದಲ್ಲಷ್ಟೇ ಅಳೆಯುತ್ತಾರೆ. ಈ ಹುಲ್ಲು ಇಲ್ಲಿನ ಅಂಗಳಗಳಿಗೆ ಬಂದದ್ದೂ ಹಾಗೆಯೇ, ಬಿಸಿಲು ತಡೆಯುತ್ತದೆ, ನೀರು ಕೇಳುವುದಿಲ್ಲ ಎಂದು. ಅದೇ ಗುಣದಿಂದ ಅದು ಅಂಗಳದಲ್ಲಿ ನಿಲ್ಲದೆ ಗುಡ್ಡ ಹತ್ತಿತು. ನಯವಾದ ತೆನೆಯ ಬೀಜ ಗಾಳಿಯಲ್ಲಿ ತೇಲುತ್ತದೆ, ಮಳೆ ಬಂದಾಗ ಹಳ್ಳದ ನೀರಿನಲ್ಲಿ ಹೋಗುತ್ತದೆ.

ಟೂಸಾನ್ ಇರುವ ಸೊನೋರನ್ ಮರುಭೂಮಿಯ ಗಿಡಗಳ ನಡುವೆ ಬರಿ ನೆಲ ಇರುತ್ತದೆ. ಎಲ್ಲೋ ಕಿಡಿ ಬಿದ್ದರೂ ಬೆಂಕಿಗೆ ದಾಟಲು ದಾರಿ ಸಿಗದು. ಆ ಜಾಗವನ್ನು ಒಣಹುಲ್ಲು ತುಂಬಿದರೆ ಇಡೀ ಗುಡ್ಡ ಹತ್ತಿಕೊಳ್ಳುತ್ತದೆ. ಸಗ್ವಾರೊ ಕಳ್ಳಿಗೆ ಬೆಂಕಿ ತಾಳುವ ಶಕ್ತಿಯಿಲ್ಲ. ಕೈಯಂಥ ಒಂದು ಕೊಂಬೆ ಮೂಡುವುದಕ್ಕೇ ಅರ್ಧ ಶತಮಾನಕ್ಕೂ ಮೀರಿ ಕಾಯುವ ಜೀವ ಅದು. ಹುಲ್ಲಾದರೋ ಸುಟ್ಟ ಮೇಲೆ ಬುಡದಿಂದ ಮತ್ತೆ ಚಿಗುರಿ ಇನ್ನಷ್ಟು ಹಬ್ಬುತ್ತದೆ. ಇದರ ಹತ್ತಿರದ ನೆಂಟ ಬಫೆಲ್ ಗ್ರಾಸ್ ಇನ್ನೂ ಕೆಟ್ಟದ್ದು. ದನದ ಮೇವಿಗೆ, ಮಣ್ಣು ಕೊಚ್ಚಿಹೋಗದಿರಲೆಂದು 1930ರ ದಶಕದಲ್ಲಿ ಅಮೆರಿಕಕ್ಕೆ ತಂದದ್ದು. ರಾಜಸ್ಥಾನದಲ್ಲಿ ಅಂಜನ್ ಎಂದು ಕರೆಯುವ ಒಳ್ಳೆಯ ಮೇವಿನ ಹುಲ್ಲು ಇದೇ. ಮೆಸ್ಕೀಟ್ ಮರದ ಕಥೆ ಇದಕ್ಕೆ ತಿರುಗುಮುರುಗು: ಅದರ ಕುಲದ ಬಳ್ಳಾರಿ ಜಾಲಿ ನಮ್ಮ ಕೆರೆಯಂಗಳ, ಹೊಲದ ಬದುಗಳನ್ನು ನುಂಗಿತು, ಇಲ್ಲಿ ಮೆಸ್ಕೀಟ್ ಈ ನೆಲದ್ದೇ ಮರ, ಧೈರ್ಯವಾಗಿ ನೆಡಬಹುದು.

ಕೀಳುವಾಗ ಮೊದಲು ತೆನೆಗಳನ್ನು ಕತ್ತರಿಸಿ ದಪ್ಪ ಚೀಲಕ್ಕೆ ತುಂಬಿ ಬಾಯಿ ಕಟ್ಟಿ. ಆಮೇಲೆ ಗುದ್ದಲಿಯಿಂದ ಬುಡಸಮೇತ ಎಬ್ಬಿಸಿ. ಮೇಲೆ ಸವರಿಬಿಟ್ಟರೆ ಉಪಯೋಗವಿಲ್ಲ, ಚಿಗುರುತ್ತದೆ. ಮಣ್ಣಲ್ಲಿ ಉಳಿದ ಬೀಜ ಕೆಲವು ವರ್ಷ ಮೊಳೆಯುತ್ತಲೇ ಇರುತ್ತದೆ, ಪ್ರತಿ ಮಾನ್ಸೂನ್ ಮುಗಿದ ಮೇಲೆ ಸಸಿಗಳನ್ನು ಕಿತ್ತುಹಾಕಿ. ಬಫೆಲ್ ಗ್ರಾಸ್ ಗುರುತು ಹಿಡಿಯುವುದನ್ನು ಕಲಿಯಬೇಕೆಂದರೆ ಸೊನೋರನ್ ಡೆಸರ್ಟ್ ವೀಡ್‌ವ್ಯಾಕರ್ಸ್ ಎಂಬ ಸ್ವಯಂಸೇವಕರ ಗುಂಪು ಟೂಸಾನ್ ಮೌಂಟನ್ ಪಾರ್ಕ್‌ನಲ್ಲಿ ಕೆಲಸ ಮಾಡುತ್ತದೆ. ಮಕ್ಕಳಿಗೂ ಊರಿನ ಬೆಟ್ಟದ ಪರಿಚಯವಾಗುತ್ತದೆ.

ಅದೇ ರೂಪ ಬೇಕಿದ್ದರೆ ಡೀರ್ ಗ್ರಾಸ್ ಹಾಕಿ. ಗುಂಪಾಗಿ ಚೆನ್ನಾಗಿ ಬೆಳೆಯುತ್ತದೆ, ಈ ಭಾಗದ್ದೇ ಹುಲ್ಲು. ನೆರಳಿಗೆ ಪಾಲೊ ವೆರ್ಡೆ ಮರ. ಹಿಪ್ಪುನೇರಳೆ ಆಸೆ ಬೇಡ: ಪರಾಗದಿಂದ ಅಲರ್ಜಿ ಹೆಚ್ಚುತ್ತದೆಂದು ಟೂಸಾನ್ ಇರುವ ಪೀಮಾ ಕೌಂಟಿ 1980ರ ದಶಕದಲ್ಲೇ ಅದರ ಮಾರಾಟ ನಿಲ್ಲಿಸಿದೆ. ಕರಿಬೇವು ಕುಂಡದಲ್ಲಿ ಬೆಳೆಯಬಹುದು, ಆದರೆ ಕ್ಯಾಲಿಫೋರ್ನಿಯಾದ ಸ್ನೇಹಿತರ ಮನೆಯಿಂದ ಕಾರಿನಲ್ಲಿ ಹಾಕಿಕೊಂಡು ಬರಬೇಡಿ. ನಿಂಬೆ, ಕಿತ್ತಳೆ ಗಿಡಗಳನ್ನು ಕೊಲ್ಲುವ ರೋಗ ಹರಡುವ ಕೀಟಕ್ಕೆ ಕರಿಬೇವೂ ಆಶ್ರಯ. ಅಂಥ ಗಿಡಗಳ ಸಾಗಣೆಗೆ ಕ್ವಾರಂಟೈನ್ ನಿಯಮಗಳಿವೆ, ಮೊದಲು ಕೃಷಿ ಇಲಾಖೆಯನ್ನು ಕೇಳಿ.

ಹೊಸ ಗಿಡ ನೆಡಲು ಅಕ್ಟೋಬರ್, ನವೆಂಬರ್ ಒಳ್ಳೆಯ ಕಾಲ. ಗುಂಡಿ ತೋಡುವ ಮುನ್ನ 811ಕ್ಕೆ ಫೋನ್ ಮಾಡಿ, ಗ್ಯಾಸ್, ಕರೆಂಟಿನ ಲೈನ್ ಎಲ್ಲಿದೆ ಎಂದು ಪುಕ್ಕಟೆಯಾಗಿ ಗುರುತು ಹಾಕಿಕೊಡುತ್ತಾರೆ.