ಚಿಕಿತ್ಸೆ ಮುಗಿದ ಮೇಲೆ ಫೈಲನ್ನು ಅಮ್ಮನ ಕೈಗೇ ಕೊಡಿ

ಸ್ತನ ಕ್ಯಾನ್ಸರ್‌ಗೆ ಆಪರೇಷನ್, ಕೀಮೋ, ರೇಡಿಯೇಷನ್ ಮೂರನ್ನೂ ಮುಗಿಸಿರುವ ನಿಮ್ಮ ತಾಯಿಗೆ ವೈದ್ಯರು ಮೂರು ತಿಂಗಳು ಬಿಟ್ಟು ಬರಲು ಹೇಳಿದ್ದಾರೆ; ಅಲ್ಲಿಯವರೆಗೆ, ಅದರ ನಂತರವೂ, ಅವರು ತಮ್ಮ ಆರೋಗ್ಯವನ್ನು ತಾವೇ ನೋಡಿಕೊಳ್ಳುವಂತಾಗಲು ಮನೆಯವರು ಏನು ಮಾಡಬೇಕು ಎಂದು ನೀವು ಕೇಳಿದ್ದೀರಿ. ನಾನು ವೈದ್ಯೆಯಲ್ಲ, ನಿವೃತ್ತ ಶಿಕ್ಷಕಿ. ಇದೇ ಕಾಯಿಲೆಗೆ ಇದೇ ಮೂರೂ ಚಿಕಿತ್ಸೆಗಳನ್ನು ಪಡೆದು ಏಳು ವರ್ಷಗಳಾಗಿವೆ.

ನನ್ನ ಚಿಕಿತ್ಸೆ ನಡೆಯುತ್ತಿದ್ದಾಗ ಫೈಲ್ ಮಗನ ಬಳಿ ಇರುತ್ತಿತ್ತು. ಮುಗಿದ ಮೇಲೆ ಅದು ಬೀರುವಿನ ಮೇಲಿನ ಅರೆಗೆ ಸೇರಿತು. ಕೆಲವು ತಿಂಗಳ ನಂತರ ಊರಿನಲ್ಲಿದ್ದಾಗ ಜ್ವರ, ಏದುಸಿರು ಕಾಣಿಸಿಕೊಂಡು ಅಲ್ಲಿನ ವೈದ್ಯರ ಬಳಿ ಹೋದೆ. ಯಾವ ಕೀಮೋ ಕೊಟ್ಟಿದ್ದರು ಎಂದು ಅವರು ಕೇಳಿದಾಗ, "ಕೆಂಪು ಔಷಧಿ ನಾಲ್ಕು ಸಲ ಹಾಕಿದರು" ಎನ್ನುವುದರ ಹೊರತು ನನ್ನ ಬಾಯಿಂದ ಬೇರೇನೂ ಬರಲಿಲ್ಲ. ಆ ಕೆಂಪು ಔಷಧಿಯ ಹೆಸರು ಡಾಕ್ಸೊರುಬಿಸಿನ್ ಎಂದೂ, ಅದು ಹೃದಯದ ಸ್ನಾಯುವನ್ನು ದುರ್ಬಲಗೊಳಿಸಬಹುದಾದ್ದರಿಂದ ಒಬ್ಬರಿಗೆ ಜೀವಮಾನದಲ್ಲಿ ಇಷ್ಟೇ ಕೊಡಬಹುದೆಂಬ ಮಿತಿಯಿದೆ ಎಂದೂ ನನಗೆ ತಿಳಿದದ್ದು ಆಮೇಲೆ. ನನ್ನ ಮೈಗೆ ಏನು ಮಾಡಿದ್ದಾರೆಂಬುದು ನನ್ನನ್ನು ಬಿಟ್ಟು ಮನೆಯವರಿಗೆಲ್ಲ ಗೊತ್ತಿತ್ತು.

ಆದ್ದರಿಂದ ಮೊದಲು ಆಸ್ಪತ್ರೆಯಿಂದ ಚಿಕಿತ್ಸೆಯ ಪೂರ್ಣ ಸಾರಾಂಶವನ್ನು ಕೇಳಿ ಪಡೆಯಿರಿ. ಕ್ಯಾನ್ಸರ್‌ನ ಬಗೆ ಮತ್ತು ಹಂತ, ಹಾರ್ಮೋನ್ ಹಾಗೂ ಹರ್-2 (ಕ್ಯಾನ್ಸರ್ ಕೋಶದ ಮೇಲಿರುವ ಒಂದು ಪ್ರೋಟೀನ್) ಪರೀಕ್ಷೆಗಳ ಫಲಿತಾಂಶ, ಕಂಕುಳಿನಿಂದ ತೆಗೆದ ಗ್ರಂಥಿಗಳ ಸಂಖ್ಯೆ, ಕೀಮೋ ಔಷಧಿಗಳ ಹೆಸರು ಮತ್ತು ಪ್ರಮಾಣ, ರೇಡಿಯೇಷನ್ ಕೊಟ್ಟ ಭಾಗ, ಮುಂದಿನ ತಪಾಸಣೆಗಳ ವೇಳಾಪಟ್ಟಿ ಅದರಲ್ಲಿರಬೇಕು. ಚಿಕಿತ್ಸೆ ಮುಗಿಸಿದ ಪ್ರತಿಯೊಬ್ಬರಿಗೂ ಇಂಥದ್ದೊಂದನ್ನು ಬರೆದು ಕೊಡಬೇಕೆಂದು ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2005ರಲ್ಲೇ ಶಿಫಾರಸು ಮಾಡಿತ್ತು. ನಮ್ಮಲ್ಲಿ ಸಾಮಾನ್ಯವಾಗಿ ನಾವೇ ಕೇಳಬೇಕಾಗುತ್ತದೆ. ಸಿಕ್ಕಿದ್ದನ್ನು ನಿಮ್ಮ ತಾಯಿಯವರು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ, ತಮ್ಮ ಕೈಯಾರೆ ಬರೆದುಕೊಳ್ಳಲಿ. ನೀವು ಪಕ್ಕದಲ್ಲಿ ಕುಳಿತು ಓದಿ ಹೇಳಿದರೆ ಸಾಕು.

ಎರಡನೆಯದು ಮಾತ್ರೆ. ನನಗೆ ದಿನಕ್ಕೊಂದರಂತೆ ಐದು ವರ್ಷ ಲೆಟ್ರೋಝೋಲ್ ಎಂಬ ಹಾರ್ಮೋನ್ ಮಾತ್ರೆ ಬರೆದಿದ್ದರು. ಬೆಳಿಗ್ಗೆ ಏಳುವಾಗ ಬೆರಳುಗಳು ಮಡಚಲಾಗದಷ್ಟು ಬಿಗಿದುಕೊಂಡಿರುತ್ತಿದ್ದವು, ಮಂಡಿ ನೋಯುತ್ತಿತ್ತು. ವಯಸ್ಸಿನ ನೋವೆಂದುಕೊಂಡು ಸಹಿಸಿದೆ. ಮಾತ್ರೆಯಿಂದಲೇ ಎಂದು ಗೊತ್ತಾದ ಮೇಲೆ ಯಾರಿಗೂ ಹೇಳದೆ ಎರಡು ತಿಂಗಳು ನಿಲ್ಲಿಸಿಬಿಟ್ಟೆ. "ಮಾತ್ರೆ ತಗೊಂಡೆಯಾ?" ಎಂದು ಮನೆಯವರು ದಿನವೂ ಕೇಳುತ್ತಿದ್ದರು, ನಾನು ಹೂಂ ಎನ್ನುತ್ತಿದ್ದೆ. "ಮಾತ್ರೆ ನಿನಗೆ ಹೇಗೆ ಆಗುತ್ತಿದೆ?" ಎಂದು ಯಾರಾದರೂ ಕೇಳಿದ್ದರೆ ಬಹುಶಃ ನಿಜ ಹೇಳುತ್ತಿದ್ದೆ. ಕೊನೆಗೆ ವೈದ್ಯರಿಗೆ ತಿಳಿಸಿದಾಗ ಅವರು ಗದರಲಿಲ್ಲ. ಅದೇ ಗುಂಪಿನ ಬೇರೆ ಮಾತ್ರೆಗೆ ಬದಲಿಸಿದರು, ನಡಿಗೆಯಿಂದ ನೋವು ಕಡಿಮೆಯಾಗುತ್ತದೆಂದರು, ಮೂಳೆಯ ಸಾಂದ್ರತೆಯನ್ನು ನೋಡುವ ಡೆಕ್ಸಾ ಸ್ಕ್ಯಾನ್ ಮಾಡಿಸಿದರು. ಈ ಮಾತ್ರೆಗಳು ಮೂಳೆಯನ್ನು ಸವೆಸುತ್ತವೆ. ನಿಮ್ಮ ತಾಯಿಗೂ ಹಾರ್ಮೋನ್ ಮಾತ್ರೆ ಇದ್ದರೆ, ಯಾವುದೆಂದು ತಿಳಿದುಕೊಂಡು ಅದರ ತೊಂದರೆಗಳನ್ನು ಅವರೇ ನೋಟ್‌ಬುಕ್ಕಿನಲ್ಲಿ ಗುರುತಿಸಿಕೊಳ್ಳಲಿ.

ಕೈಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಂಕುಳಿನ ಗ್ರಂಥಿಗಳನ್ನು ತೆಗೆದ ಕಡೆಯ ಕೈಯಲ್ಲಿ ದುಗ್ಧರಸ (ಲಿಂಫ್ ಎಂಬ ದ್ರವ) ನಿಂತು ಊತ ಬರಬಹುದು. ಇದನ್ನು ಲಿಂಫೆಡಿಮಾ ಎನ್ನುತ್ತಾರೆ, ವರ್ಷಗಳ ನಂತರವೂ ಬರಬಹುದು. ನನಗೆ ಅದನ್ನು ಮೊದಲು ತಿಳಿಸಿದ್ದು ಬಳೆ. ಎರಡೂ ಕೈಗೆ ಒಂದೇ ಅಳತೆಯ ಗಾಜಿನ ಬಳೆ ಹಾಕಿಕೊಂಡಿದ್ದೆ. ಒಂದು ಸಂಜೆ ಪಾತ್ರೆ ತೊಳೆಯುವಾಗ ಎಡಗೈಯ ಬಳೆಗಳು ಸದ್ದು ಮಾಡುತ್ತಿರಲಿಲ್ಲ, ಮಣಿಕಟ್ಟಿನ ಮೇಲೆ ಕಚ್ಚಿಕೊಂಡು ನಿಂತಿದ್ದವು. ಕನ್ನಡಿಯಲ್ಲಿ ನೋಡಿದರೆ ಎರಡು ಕೈಗಳಿಗೂ ವ್ಯತ್ಯಾಸವೇ ಕಾಣುತ್ತಿರಲಿಲ್ಲ. ಬೇಗ ಹೋದದ್ದರಿಂದ ಫಿಸಿಯೋಥೆರಪಿ ಮತ್ತು ತೋಳಿಗೆ ಹಾಕುವ ಬಿಗಿ ಗವಸಿನಿಂದ ಹತೋಟಿಗೆ ಬಂತು. ಈಗ ತಿಂಗಳಿಗೊಮ್ಮೆ ದರ್ಜಿಯ ಟೇಪಿನಿಂದ ಎರಡೂ ಕೈಗಳನ್ನು ಒಂದೇ ಜಾಗಗಳಲ್ಲಿ ಅಳೆದು ಬರೆದಿಡುತ್ತೇನೆ. ಗುಲಾಬಿ ಮುಳ್ಳು, ಈಳಿಗೆ ಮಣೆ, ಸೊಳ್ಳೆ ಕಡಿತ ಯಾವುದರಿಂದ ಗಾಯವಾದರೂ ತಕ್ಷಣ ತೊಳೆದು ಔಷಧಿ ಹಚ್ಚಬೇಕು. ಕೈ ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ, ಅದೇ ದಿನ ವೈದ್ಯರನ್ನು ಕಾಣಬೇಕು. ಆ ಕೈಯಿಂದ ಏನನ್ನೂ ಎತ್ತಬಾರದೆಂಬ ಹಳೆಯ ಮಾತನ್ನು ಈಗ ಒಪ್ಪುವುದಿಲ್ಲ. ಫಿಸಿಯೋಥೆರಪಿಯವರನ್ನು ಕೇಳಿಕೊಂಡು ನಿಧಾನವಾಗಿ ಭಾರ ಹೆಚ್ಚಿಸಬಹುದು. ಅಮ್ಮ ಬಿಂದಿಗೆ ಮುಟ್ಟದಂತೆ ಕಾಯುವುದನ್ನು ದಯವಿಟ್ಟು ಬಿಡಿ.

ತಪಾಸಣೆ ಸಾಮಾನ್ಯವಾಗಿ ಮೊದಲ ಮೂರು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ಮುಂದಿನ ಎರಡು ವರ್ಷ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಇರುತ್ತದೆ. ಜೊತೆಗೆ ವರ್ಷಕ್ಕೊಮ್ಮೆ ಮ್ಯಾಮೋಗ್ರಾಮ್, ಅಂದರೆ ಸ್ತನದ ಎಕ್ಸ್-ರೇ. ಯಾವ ಲಕ್ಷಣವೂ ಇಲ್ಲದಾಗ ಧೈರ್ಯಕ್ಕೆಂದು ಇಡೀ ಮೈಯಲ್ಲಿ ಕ್ಯಾನ್ಸರ್ ಹುಡುಕುವ ಪೆಟ್ ಸ್ಕ್ಯಾನ್ ಮಾಡಿಸುವುದನ್ನು ಮಾರ್ಗಸೂಚಿಗಳು ಹೇಳುವುದಿಲ್ಲ. ಆದರೆ ಹೊಸ ಗಂಟು, ವಾಸಿಯಾಗದ ಮೂಳೆ ನೋವು, ಏದುಸಿರು, ಬಿಡದ ತಲೆನೋವು ಕಂಡರೆ ಮುಂದಿನ ತಾರೀಖಿನವರೆಗೆ ಕಾಯಬಾರದು.

ಆಹಾರದಲ್ಲಿ ವಿಶೇಷ ಪಥ್ಯವೇನಿಲ್ಲ. ಕ್ಯಾಲ್ಸಿಯಂಗೆ ನಮ್ಮ ರಾಗಿ ಒಳ್ಳೆಯದು. ಲಕ್ಷ್ಮಣ ಫಲದ ಎಲೆ, ಕಷಾಯದ ಪುಡಿ ಎಂದು ನೆಂಟರು ಏನೇನೋ ತಂದುಕೊಡುತ್ತಾರೆ. ಲಕ್ಷ್ಮಣ ಫಲ ಕ್ಯಾನ್ಸರ್ ಗುಣಪಡಿಸುತ್ತದೆಂದು ಮನುಷ್ಯರಲ್ಲಿ ಸಾಬೀತಾಗಿಲ್ಲ. ವೈದ್ಯರಿಗೆ ತಿಳಿಸದೆ ಯಾವುದನ್ನೂ ಮಾತ್ರೆಯ ಜೊತೆ ಸೇರಿಸಬೇಡಿ.

ಚೆಕಪ್ ಹತ್ತಿರವಾದ ವಾರ ನನಗೆ ಇಂದಿಗೂ ನಿದ್ದೆ ಬರುವುದಿಲ್ಲ. "ಎಲ್ಲ ವಾಸಿಯಾಗಿದೆಯಲ್ಲ, ಇನ್ನೇನು ಯೋಚನೆ" ಎಂದು ಮನೆಯವರು ಅಂದಾಗ ನಾನು ಸುಮ್ಮನಾಗುತ್ತಿದ್ದೆ, ಭಯ ಹೋಗುತ್ತಿರಲಿಲ್ಲ. ನಿಮ್ಮ ತಾಯಿಯವರು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ. ದುಗುಡ ವಾರಗಟ್ಟಲೆ ಬಿಡದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಮುಂದಿನ ಚೆಕಪ್‌ಗೆ ಹೋಗುವ ಹಿಂದಿನ ರಾತ್ರಿ ತಮ್ಮ ಮೂರು ಪ್ರಶ್ನೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯಲು ನಿಮ್ಮ ತಾಯಿಯವರಿಗೆ ಹೇಳಿ. ಒಳಗೆ ವೈದ್ಯರು ನಿಮ್ಮ ಮುಖ ನೋಡಿ ಮಾತು ಆರಂಭಿಸಿದರೆ, "ಅಮ್ಮನೇ ಹೇಳುತ್ತಾರೆ" ಎಂದು ನಿಮ್ಮ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಿ.