ಕೆರೆಯ ಕೆಲಸಕ್ಕೆ ಮೊದಲ ದಿನ ಬಂದವರು ಎರಡನೆಯ ವಾರ ಏಕೆ ಬರುವುದಿಲ್ಲ?

ನಿಮ್ಮ ಊರಿನ ಕೆರೆಯ ಹೂಳೆತ್ತಲು ಮೊದಲ ಭಾನುವಾರ ಇನ್ನೂರು ಜನ ಬಂದರು, ಎರಡನೆಯ ಭಾನುವಾರ ಮೂವತ್ತು, ನಾಲ್ಕನೆಯ ಭಾನುವಾರ ನೀವೂ ನಿಮ್ಮ ಇಬ್ಬರು ಗೆಳೆಯರೂ ಮಾತ್ರ ಉಳಿದಿರಿ. ಜನರಲ್ಲಿ ಜಾಗೃತಿ ಮೂಡಿಸುವುದು ಹೇಗೆ ಎಂದು ಕೇಳಿದ್ದೀರಿ. ಚಿತ್ರದುರ್ಗ ಜಿಲ್ಲೆಯ ಒಂದು ಊರಿನಲ್ಲಿ ಆರು ವರ್ಷ ಕೆರೆ ಸಮಿತಿಯ ಲೆಕ್ಕ ಬರೆದವನಾಗಿ ಉತ್ತರಿಸುತ್ತಿದ್ದೇನೆ. ಜಾಗೃತಿಯ ಕೊರತೆ ಎಂಬ ನಿಮ್ಮ ಊಹೆಯನ್ನು ನಾನು ಒಪ್ಪುವುದಿಲ್ಲ. ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೆ ಹೆಚ್ಚು ಎನ್ನುವ ಸೀಮೆಯಲ್ಲಿ, ಸಾಲ ಮಾಡಿ ಬೋರ್‌ವೆಲ್ ಕೊರೆಸಿ ಬರೀ ಧೂಳು ಕಂಡ ರೈತನಿಗೆ ನೀರಿನ ಬೆಲೆಯನ್ನು ಬ್ಯಾನರ್ ಕಟ್ಟಿ ತಿಳಿಸಬೇಕಾಗಿಲ್ಲ. ಕೆರೆ ತುಂಬಿದರೆ ಅದರಲ್ಲಿ ತನ್ನ ಪಾಲು ಎಷ್ಟು ಎಂಬುದನ್ನು ಯಾರೂ ಅವನಿಗೆ ಹೇಳಿಲ್ಲ. ಹಲವು ಸಲ ಅವನಿಗೆ ಪಾಲೇ ಇರುವುದಿಲ್ಲ.

ಮೊದಲು ಒಂದು ಸರಳ ಲೆಕ್ಕ. ಒಂದು ಎಕರೆ ಕೆರೆಯಂಗಳದಲ್ಲಿ ಒಂದು ಅಡಿ ಹೂಳು ತೆಗೆಯುವುದೆಂದರೆ ಸುಮಾರು 1,233 ಘನ ಮೀಟರ್ ಮಣ್ಣನ್ನು ಹೊರಗೆ ಹಾಕುವುದು. ಗುದ್ದಲಿ, ಮಂಕರಿ ಹಿಡಿದು ಬಂದ ಇನ್ನೂರು ಜನ ತಲೆಗೆ ಒಂದು ಘನ ಮೀಟರ್‌ನಂತೆ ಅಗೆದು ಹೊತ್ತರೂ (ಅಭ್ಯಾಸವಿಲ್ಲದವರಿಗೆ ಅಷ್ಟು ಸಾಧ್ಯವಿಲ್ಲ) ಒಂದು ಎಕರೆಯ ಒಂದು ಅಡಿಗೆ ಆರು ಭಾನುವಾರ ಬೇಕು. ಕೆರೆ ನಲವತ್ತು ಎಕರೆಯದಾದರೆ ಏನಾಗುತ್ತದೆ ಎಂದು ಎಣಿಸಿ ನೋಡಿ. ಈ ಲೆಕ್ಕವನ್ನು ಯಾರೂ ಕಾಗದದ ಮೇಲೆ ಬರೆಯದಿದ್ದರೂ ಮಣ್ಣಿನ ಕೆಲಸ ಬಲ್ಲವರ ಮೈಗೆ ಅದು ಮೊದಲ ದಿನ ಮಧ್ಯಾಹ್ನವೇ ತಿಳಿದಿರುತ್ತದೆ. ಎರಡನೆಯ ವಾರ ಅವರು ಮನೆಯಲ್ಲಿ ಉಳಿದರೆ ಅದನ್ನು ಸೋಮಾರಿತನವೆಂದು ಕರೆಯುವುದು ಅನ್ಯಾಯ. ಶ್ರಮದಾನದಿಂದ ಏರಿಯ (ಕೆರೆಯ ಕಟ್ಟೆಯ) ಮೇಲಿನ ಜಾಲಿ ಕಡಿಯಬಹುದು, ಕಾಲುವೆಯ ಕಸ ತೆಗೆಯಬಹುದು, ಕಾಲುವೆಗೆ ನೀರು ಬಿಡುವ ತೂಬಿನ ಬಾಯಿ ಬಿಡಿಸಬಹುದು. ಹೂಳಿಗೆ ಯಂತ್ರವೂ ಟ್ರ್ಯಾಕ್ಟರ್‌ಗಳೂ ಬೇಕು. ಆದ್ದರಿಂದ ನೀವು ಜನರಿಂದ ಕೇಳಬೇಕಾದದ್ದು ಬೆವರಿಗಿಂತ ಹೆಚ್ಚಾಗಿ ಒಂದು ಒಪ್ಪಂದವನ್ನು.

ನಮ್ಮ ಸೀಮೆಯಲ್ಲಿ ಅಂಥ ಒಪ್ಪಂದ ಹಿಂದೆ ಇತ್ತು. ತೂಬು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನಿಂತು ನೋಡುವುದು ನೀರುಗಂಟಿಯ ಕೆಲಸ. ಅದಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ಕಣದಿಂದ ಆಯವೂ (ಧಾನ್ಯದ ಪಾಲು) ಒಂದಿಷ್ಟು ಇನಾಮು ಭೂಮಿಯೂ ಅವನಿಗೆ ಸಲ್ಲುತ್ತಿದ್ದವು. ಕೆರೆ ಕಟ್ಟಿಸಿದವರಿಗೂ ದುರಸ್ತಿಯ ಹೊಣೆ ಹೊತ್ತವರಿಗೂ ಬಿಟ್ಟ ಭೂಮಿ ಮತ್ತು ಆದಾಯದ ಪಾಲಿಗೆ ಶಾಸನಗಳಲ್ಲಿ ಕಟ್ಟುಕೊಡಗೆ, ದಶವಂದ, ಬಿತ್ತುವಟ್ಟ ಎಂಬ ಹೆಸರುಗಳು ಸಿಗುತ್ತವೆ. ಈ ವ್ಯವಸ್ಥೆಯನ್ನು ಹಾಡಿ ಹೊಗಳುವವರ ಸಾಲಿಗೆ ನಾನು ಸೇರುವುದಿಲ್ಲ. ನೀರುಗಂಟಿ ಬಹುಪಾಲು ಊರುಗಳಲ್ಲಿ ದಲಿತ ಕೇರಿಯವನಾಗಿದ್ದ, ಅವನು ರಾತ್ರಿ ಕಾದು ಹರಿಸಿದ ನೀರು ಬೇರೆಯವರ ಭತ್ತಕ್ಕೆ ಹೋಗುತ್ತಿತ್ತು. ಗ್ರಾಮ ಹುದ್ದೆಗಳನ್ನು ರದ್ದುಪಡಿಸಿದ 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಈ ಕಟ್ಟನ್ನು ಕಳಚಿದ್ದು ಸರಿಯಾಗಿಯೇ ಇತ್ತು. ಆದರೆ ತೂಬಿನ ಬಳಿ ನಿಲ್ಲಬೇಕಾದವನು ಇನ್ನು ಯಾರು, ಅವನಿಗೆ ಕೂಲಿ ಎಲ್ಲಿಂದ ಎಂಬ ಪ್ರಶ್ನೆಗೆ ಉತ್ತರ ಸಿಗದೆ ಉಳಿಯಿತು. ಮುಂದಿನ ದಶಕಗಳಲ್ಲಿ ಬೋರ್‌ವೆಲ್ ಬಂದ ಮೇಲಂತೂ ಆ ಪ್ರಶ್ನೆಯನ್ನು ಕೇಳುವವರೂ ಇಲ್ಲವಾದರು.

ಬೋರ್‌ವೆಲ್ ತಂದ ಇನ್ನೊಂದು ಬದಲಾವಣೆಯ ಬಗ್ಗೆ ಕೆರೆ ಸಭೆಗಳಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ನಮ್ಮ ಕಡೆ ಅನೇಕ ಕೆರೆಗಳ ತೂಬನ್ನು ಮುಚ್ಚಿಬಿಟ್ಟಿದ್ದಾರೆ. ನೀರು ಕಾಲುವೆಗೆ ಹರಿಯದೆ ನಿಂತು ಇಂಗಿದರೆ ಸುತ್ತಲಿನ ಕೊಳವೆಬಾವಿಗಳಿಗೆ ಜೀವ ಬರುತ್ತದೆ ಎಂಬುದು ಇದರ ಹಿಂದಿನ ತರ್ಕ, ಮತ್ತು ಅದು ಸುಳ್ಳಲ್ಲ. ಆದರೆ ಇಂಗಿದ ನೀರನ್ನು ಮೇಲೆತ್ತುವವನು ಮೋಟರ್, ಪೈಪು, ಅಡಿಕೆ ತೋಟ ಇರುವವನು. ತೂಬಿನ ನೀರನ್ನೇ ನಂಬಿ ಅರ್ಧ ಎಕರೆಯಲ್ಲಿ ರಾಗಿಯನ್ನೋ ಭತ್ತವನ್ನೋ ಬೆಳೆಯುತ್ತಿದ್ದವನಿಗೂ, ಜಮೀನೇ ಇಲ್ಲದವನಿಗೂ ಕೆರೆ ತುಂಬಿದರೂ ಒಣಗಿದರೂ ಬದುಕಿನಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಅಂಥವನನ್ನು ಭಾನುವಾರದ ಒಂದು ದಿನದ ಕೂಲಿ ಬಿಟ್ಟು ಬಂದು ತೋಟದವನ ಬೋರ್‌ವೆಲ್‌ಗೆ ನೀರು ತುಂಬಿಸು ಎಂದು ಕರೆಯುವುದಕ್ಕೆ ನಾವು ಸಮುದಾಯದ ಸಹಭಾಗಿತ್ವ ಎಂದು ಹೆಸರಿಟ್ಟಿದ್ದೇವೆ.

ಇದಕ್ಕೆ ಪರಿಹಾರವನ್ನು ಹುಡುಕುವಾಗ ನನಗೆ ದಾರಿ ತೋರಿಸಿದ್ದು ಹರಿಯಾಣದ ಸುಖೋಮಾಜ್ರಿ ಎಂಬ ಹಳ್ಳಿಯ ಪ್ರಸಂಗ. ಚಂಡೀಗಢದ ಸುಖನಾ ಸರೋವರಕ್ಕೆ ಹೂಳು ಎಲ್ಲಿಂದ ಬರುತ್ತಿದೆ ಎಂದು 1970ರ ದಶಕದಲ್ಲಿ ಹುಡುಕುತ್ತ ಹೋದ ಪಿ. ಆರ್. ಮಿಶ್ರಾ ಮತ್ತು ಅವರ ಸಂಗಡಿಗ ವಿಜ್ಞಾನಿಗಳು ಶಿವಾಲಿಕ್ ಬೆಟ್ಟದ ಆ ಹಳ್ಳಿಗೆ ತಲುಪಿದರು. ಬೆಟ್ಟ ಬೋಳಾಗಲು ಕಾರಣ ಊರಿನ ಆಡುಗಳು. ಆಡುಗಳನ್ನು ಬಿಟ್ಟರೆ ಜನರಿಗೆ ಬೇರೆ ಆಧಾರ ಇರಲಿಲ್ಲ. ಅಲ್ಲಿ ಚಿಕ್ಕ ಮಣ್ಣಿನ ಕಟ್ಟೆಗಳನ್ನು ಕಟ್ಟಿ, ಸಂಗ್ರಹವಾದ ನೀರಿನಲ್ಲಿ ಜಮೀನಿಲ್ಲದವರೂ ಸೇರಿದಂತೆ ಪ್ರತಿಯೊಂದು ಮನೆಗೂ ಸಮಾನ ಪಾಲು ಎಂಬ ನಿಯಮ ಮಾಡಿದರು. ಜಮೀನಿಲ್ಲದವನು ತನ್ನ ಪಾಲಿನ ನೀರನ್ನು ಮಾರಬಹುದಿತ್ತು. ಪ್ರತಿಯಾಗಿ ಊರಿನವರು ಬೆಟ್ಟದಲ್ಲಿ ಆಡು ಮೇಯಿಸುವುದನ್ನು ತಾವಾಗಿ ನಿಲ್ಲಿಸಿದರು. ಬೇಲಿ ಹಾಕದೆಯೇ ಹುಲ್ಲು ಬೆಳೆಯಿತು.

ಸುಖೋಮಾಜ್ರಿಯ ನಿಯಮವನ್ನು ನಮ್ಮೂರಿಗೆ ಹಾಗೆಯೇ ತರಲು ಆಗಲಿಲ್ಲ, ತೋಟದವರು ಒಪ್ಪಲಿಲ್ಲ. ಮೂರು ಸಭೆ ಮುರಿದ ಮೇಲೆ ಕೊನೆಗೆ ಸಿಕ್ಕ ಒಪ್ಪಂದ ಇಷ್ಟು. ಯಂತ್ರದ ಬಾಡಿಗೆಗೆ ಬೇಕಾದ ವಂತಿಗೆಯನ್ನು ಮನೆಗೆ ಇಷ್ಟು ಎಂದು ಎತ್ತದೆ, ಕೆರೆಯ ಕೆಳಗೆ ಬೋರ್‌ವೆಲ್ ಇರುವವರಿಂದ ಬೋರ್‌ವೆಲ್ಲಿನ ಲೆಕ್ಕದಲ್ಲಿ ಎತ್ತುವುದು. ಮೀನು ಹರಾಜಿನಲ್ಲಿ ಸಮಿತಿಯ ಪಾಲಿಗೆ ಬಂದ ಹಣವನ್ನು ಜಾತ್ರೆಗೂ ದೇವಸ್ಥಾನದ ಬಣ್ಣಕ್ಕೂ ಕೊಡದೆ ಕೆರೆಯ ಖಾತೆಯಲ್ಲೇ ಇಡುವುದು. ಏರಿ, ಕಾಲುವೆಗಳ ವಾರ್ಷಿಕ ಕೆಲಸವನ್ನು ಜಮೀನಿಲ್ಲದ ಮನೆಗಳಿಗೆ ಮೊದಲು, ಕೂಲಿ ಕೊಟ್ಟು ಮಾಡಿಸುವುದು. ಎರಡನೆಯ ನಿಯಮಕ್ಕೆ ಬಂದಷ್ಟು ವಿರೋಧ ಮೊದಲನೆಯದಕ್ಕೂ ಬರಲಿಲ್ಲ ಎಂಬುದು ನನಗೆ ಇವತ್ತಿಗೂ ಆಶ್ಚರ್ಯ.

ಹೂಳಿನ ವಿಷಯಕ್ಕೆ ಬರುತ್ತೇನೆ. ನಿಮ್ಮ ಬಳಿ ಹಂಚಲು ಕೈಯಲ್ಲಿ ಇರುವ ಮೊದಲ ಲಾಭ ಗೋಡುಮಣ್ಣು, ಅಂದರೆ ಈ ಹೂಳೇ. ನೀರಾದರೋ ಮಳೆ ಬಂದ ಮೇಲಿನ ಮಾತು. ಕೆಂಪು ಮರಳುಮಿಶ್ರಿತ ಹೊಲಕ್ಕೆ ಕೆರೆಯ ಜೇಡಿ ಹೂಳು ಹರಡಿದರೆ ತೇವ ಹೆಚ್ಚು ದಿನ ನಿಲ್ಲುತ್ತದೆ. ಕಪ್ಪು ಮಣ್ಣಿನ ಎರೆಹೊಲಕ್ಕೆ ಅದರಿಂದ ಪ್ರಯೋಜನ ಕಡಿಮೆ, ಕೆಲವೊಮ್ಮೆ ಹಾನಿಯೂ ಆಗಬಹುದು. ಆದ್ದರಿಂದ ನಾಲ್ಕಾರು ಕಡೆಯ ಹೂಳನ್ನು ತೆಗೆದು ಕೃಷಿ ವಿಜ್ಞಾನ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಪಂಚಾಯಿತಿಯ ಗೋಡೆಗೆ ಅಂಟಿಸಿ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ‘ನಮ್ಮೂರು ನಮ್ಮ ಕೆರೆ’ ಕಾರ್ಯಕ್ರಮದಲ್ಲಿ ಅಗೆಯುವ ಯಂತ್ರದ ವೆಚ್ಚವನ್ನು ಯೋಜನೆಯವರು ಭರಿಸಿ, ಹೂಳು ಸಾಗಿಸುವ ವೆಚ್ಚವನ್ನು ರೈತರೇ ಹೊರುವ ಪದ್ಧತಿ ಇದೆ. ಕೊಟ್ಟದ್ದಕ್ಕೂ ಪಡೆದದ್ದಕ್ಕೂ ಅಲ್ಲಿ ನೇರ ಸಂಬಂಧ ಕಾಣುವುದರಿಂದಲೇ ಅದು ಅನೇಕ ಊರುಗಳಲ್ಲಿ ನಡೆದಿದೆ ಎಂದು ನನ್ನ ಅನಿಸಿಕೆ. ನಾವು ಅದೇ ರೀತಿಯನ್ನು ನಮ್ಮ ವಂತಿಗೆಯಲ್ಲಿ ಅನುಸರಿಸಿದೆವು. ಮೊದಲ ಬೇಸಿಗೆಯಲ್ಲಿ ಆರು ಎಕರೆಯಲ್ಲಿ ಎರಡು ಅಡಿ ತೆಗೆದಾಗ ಹತ್ತಿರ ಹತ್ತಿರ ಐದು ಸಾವಿರ ಟ್ರ್ಯಾಕ್ಟರ್ ಲೋಡು ಮಣ್ಣು ಹೊಲಗಳಿಗೆ ಹೋಯಿತು, ಕೆರೆಗೆ ಸುಮಾರು ಒಂದೂವರೆ ಕೋಟಿ ಲೀಟರ್ ಹೆಚ್ಚುವರಿ ಜಾಗ ಸಿಕ್ಕಿತು. ಇಟ್ಟಿಗೆ ಗೂಡಿನವರು ಹೂಳಿಗೆ ಒಳ್ಳೆಯ ದರ ಹೇಳಿಕೊಂಡು ಬರುತ್ತಾರೆ; ಅವರಿಗೆ ಒಂದು ಲೋಡು ಕೊಟ್ಟರೂ ಮರುದಿನ ಊರಿನವರ ನಂಬಿಕೆ ಹೋಗುತ್ತದೆ.

ಇಲ್ಲಿ ನಮ್ಮ ತಪ್ಪೊಂದನ್ನು ಹೇಳಲೇಬೇಕು. ಯಂತ್ರ ತಂದ ಗುತ್ತಿಗೆದಾರನಿಗೆ ಗಂಟೆಯ ಲೆಕ್ಕದಲ್ಲಿ ಹಣ. ಟ್ರ್ಯಾಕ್ಟರ್‌ಗಳಿಗೆ ಹತ್ತಿರವಾಗಲೆಂದು ಅವನು ಏರಿಯ ಬುಡದಲ್ಲೇ ಅಗೆಯತೊಡಗಿದ. ಅಲ್ಲಿ ಹೂಳು ದಪ್ಪವಾಗಿರುವುದರಿಂದ ನಮಗೂ ಅದು ಸರಿಯೆನಿಸಿತು. ಎರಡನೆಯ ಮಳೆಗಾಲದಲ್ಲಿ ಏರಿಯ ಹೊರಬದಿಯಲ್ಲಿ ನೀರು ಜಿನುಗಲು ಶುರುವಾದಾಗ ಊರಿಗೇ ನಿದ್ದೆ ಇರಲಿಲ್ಲ. ಏರಿಯ ಬುಡದಿಂದ ಸಾಕಷ್ಟು ದೂರ ಬಿಟ್ಟು, ಮೂಲ ತಳದ ಜೇಡಿಪದರ ಕಾಣಿಸಿದೊಡನೆ ನಿಲ್ಲಿಸಿ, ಅಂಗಳದ ಇಳಿಜಾರು ತೂಬಿನ ಕಡೆಗೆ ಇರುವಂತೆ ಅಗೆಯಬೇಕು. ಎಷ್ಟು ದೂರ, ಎಷ್ಟು ಆಳ ಎಂಬುದನ್ನು ಇಲಾಖೆಯ ಎಂಜಿನಿಯರ್‌ರಿಂದ ಗುರುತು ಹಾಕಿಸಿಕೊಂಡೇ ಯಂತ್ರ ಇಳಿಸಿ. ಅಚ್ಚುಕಟ್ಟು (ಕೆರೆಯ ನೀರುಣ್ಣುವ ಜಮೀನು) 40 ಹೆಕ್ಟೇರ್‌ಗಿಂತ ಕಡಿಮೆ ಇದ್ದರೆ ಕೆರೆ ಸಾಮಾನ್ಯವಾಗಿ ಜಿಲ್ಲಾ ಪಂಚಾಯಿತಿಯ ವ್ಯಾಪ್ತಿಯಲ್ಲಿರುತ್ತದೆ. 40ರಿಂದ 2,000 ಹೆಕ್ಟೇರ್‌ವರೆಗಿನದು ಸಣ್ಣ ನೀರಾವರಿ ಇಲಾಖೆಯದು. ತಪ್ಪು ಕಚೇರಿಗೆ ಅರ್ಜಿ ಕೊಟ್ಟು ಒಂದು ಬೇಸಿಗೆ ಕಳೆದುಕೊಂಡವರನ್ನು ನಾನು ಬಲ್ಲೆ.

ಇನ್ನು ಕೆರೆಯ ಮೇಲ್ಭಾಗದವರು. ಸಮಿತಿಗಳಲ್ಲಿ ಯಾವಾಗಲೂ ಅಚ್ಚುಕಟ್ಟಿನವರೇ ಕೂರುತ್ತಾರೆ. ನೀರು ಬರುವ ದಿಕ್ಕಿನವರನ್ನು ಯಾರೂ ಕರೆಯುವುದಿಲ್ಲ. ನಮ್ಮ ಕೆರೆಗೆ ನೀರು ತರುವ ಹಳ್ಳ ಪಕ್ಕದ ಗ್ರಾಮ ಪಂಚಾಯಿತಿಯಲ್ಲಿ ಹುಟ್ಟುತ್ತದೆ. ಅಲ್ಲಿ 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಎಂಬ ಸರ್ಕಾರಿ ಯೋಜನೆಯಡಿ ಹೊಂಡಗಳಾದವು, ಸಾಲು ಸಾಲಾಗಿ ಚೆಕ್‌ಡ್ಯಾಮ್‌ಗಳಾದವು. ಹೊಲದವರು ಕೆರೆಗೆ ನೀರು ತರುವ ಕಾಲುವೆಯ ಅಂಚನ್ನು ವರ್ಷಕ್ಕೆ ಒಂದು ನೇಗಿಲಿನಷ್ಟು ಒತ್ತುತ್ತ ಬಂದು ಎಂಟು ಅಡಿಯ ಕಾಲುವೆ ಎರಡು ಅಡಿಯಾಗಿತ್ತು. ಅವರು ತಮ್ಮ ಹೊಲದ ನೀರನ್ನು ತಮ್ಮಲ್ಲೇ ನಿಲ್ಲಿಸಿಕೊಂಡರೆ ತಪ್ಪೇನು ಎಂಬ ಪ್ರಶ್ನೆಗೆ ಸಭೆಯಲ್ಲಿ ನನ್ನ ಬಳಿ ಉತ್ತರ ಇರಲಿಲ್ಲ. ವಿಜಯನಗರದ ಕಾಲದ, 1369ರ ಪೊರುಮಾಮಿಳ್ಳ ಶಾಸನ (ಈಗ ಆಂಧ್ರದ ಕಡಪ ಸೀಮೆಯಲ್ಲಿದೆ) ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಪಟ್ಟಿಮಾಡುತ್ತದೆ. ಆ ದೋಷಗಳಲ್ಲಿ ಒಂದು, ಕೆರೆಯು ಎರಡು ರಾಜ್ಯಗಳ ಗಡಿಯಲ್ಲಿರುವುದು. ಎರಡು ಪಂಚಾಯಿತಿಗಳ ನಡುವೆ ಕೆರೆಗೆ ಬರುವ ಕಷ್ಟವನ್ನು ಕಂಡಾಗ ಆ ಶಾಸನ ಬರೆಸಿದವರು ಅನುಭವಸ್ಥರೆಂದು ಅನಿಸಿತು.

ಮೇಲಿನವರೊಂದಿಗೆ ನಾವು ಮಾಡಿಕೊಂಡ ರಾಜಿ ಸಣ್ಣದು: ದನಕರು ನೀರು ಕುಡಿಯುವ ಅವರ ಗೋಕಟ್ಟೆಯ ಹೂಳನ್ನು ನಮ್ಮ ವಂತಿಗೆಯಿಂದ ತೆಗೆಸಿ, ಹೊಲಗಳ ಬದುಗಳಿಗೆ ಕಲ್ಲು ಕಟ್ಟಿಸಿಕೊಡುವುದು, ಅವರು ಕಾಲುವೆಯನ್ನು ನಕಾಶೆಯಲ್ಲಿರುವ ಅಗಲಕ್ಕೆ ಬಿಟ್ಟುಕೊಡುವುದು. ಬದು ಸರಿಯಿದ್ದರೆ ಅವರ ಮಣ್ಣು ಅವರಲ್ಲೇ ಉಳಿಯುತ್ತದೆ, ನಮ್ಮ ಕೆರೆಗೆ ಹೂಳು ಕಡಿಮೆಯಾಗುತ್ತದೆ. ನೆಲ ಕಾಯುವುದೂ ನೀರು ಕಾಯುವುದೂ ಒಂದೇ ಕೆಲಸ ಎಂಬುದು ನನಗೆ ಅರ್ಥವಾದದ್ದು ಆ ಬದುಗಳ ಮೇಲೆ ನಿಂತಾಗ. ಒತ್ತುವರಿಯ ವಿಚಾರದಲ್ಲಿ ಕಾನೂನಿನ ದಾರಿ ಇದೆ: ಗ್ರಾಮ ನಕಾಶೆ ಮತ್ತು ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣದ ದಾಖಲೆ) ಪ್ರತಿ ತೆಗೆಸಿ, ತಹಶೀಲ್ದಾರರಿಗೆ ಅಳತೆಯ ಅರ್ಜಿ ಕೊಡಬಹುದು. ಆದರೆ ಅಳತೆಯನ್ನು ಬಡವನ ಗುಂಟೆಯಿಂದ ಆರಂಭಿಸಬೇಡಿ. ಸಮಿತಿಯ ಅಧ್ಯಕ್ಷರೋ ಅವರ ಬಂಧುಗಳೋ ಒತ್ತಿದ್ದರೆ ಮೊದಲ ಕಲ್ಲು ಅಲ್ಲಿಯೇ ನೆಡಬೇಕು. ನಮ್ಮಲ್ಲಿ ಹಾಗೆ ಮಾಡಿದ ದಿನ ಊರಿನಲ್ಲಿ ಕಂಡ ಉತ್ಸಾಹ ಯಾವ ಭಾಷಣದಿಂದಲೂ ಬಂದಿರಲಿಲ್ಲ.

ಹೊರಗಿನ ನಾಯಕತ್ವದ ಬಗ್ಗೆಯೂ ಕೇಳಿದ್ದೀರಿ. ಕೊಪ್ಪಳದ ಗವಿಮಠದ ಸ್ವಾಮೀಜಿಯವರು 2019ರಲ್ಲಿ ಹಿರೇಹಳ್ಳದ ಪುನಶ್ಚೇತನಕ್ಕೆ ಕರೆಕೊಟ್ಟಾಗ ಜನ, ಯಂತ್ರ, ಹಣ ಮೂರೂ ಹರಿದುಬಂದವು. ಅಂಥವರು ನಿಮ್ಮ ಸೀಮೆಯಲ್ಲಿದ್ದರೆ ಖಂಡಿತ ಕೇಳಿ. ಆದರೆ ಕೆಲಸ ಮುಗಿದ ಮೇಲೆ ಯಾರು ನೋಡಿಕೊಳ್ಳುವರು ಎಂಬುದು ಕರೆಕೊಟ್ಟವರ ಕೈಯಲ್ಲಿ ಇರುವುದಿಲ್ಲ. ವಿಶ್ವಬ್ಯಾಂಕ್ ನೆರವಿನಿಂದ 2002ರಿಂದ ನಡೆದ ಜಲಸಂವರ್ಧನೆ ಯೋಜನೆಯಲ್ಲಿ ಊರೂರಿಗೆ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿದರು, ವಂತಿಗೆಯ ನಿಯಮವೂ ಇತ್ತು. ನಾನು ಓಡಾಡಿ ನೋಡಿದ ಊರುಗಳಲ್ಲಿ ಯೋಜನೆಯ ಹಣ ನಿಂತ ಮೇಲೂ ಬದುಕಿದ ಸಂಘಗಳು ಬೆರಳೆಣಿಕೆಯವು, ಮತ್ತು ಅವೆಲ್ಲವಕ್ಕೂ ಮೀನಿನಿಂದಲೋ ಹುಣಸೆ ಫಸಲಿನಿಂದಲೋ ತಮ್ಮದೇ ಆದ ಆದಾಯ ಇತ್ತು.

2022ರ ಮಳೆಗಾಲದಲ್ಲಿ, 1933ರ ನಂತರ ಮೊದಲ ಬಾರಿಗೆ ನಮ್ಮ ಜಿಲ್ಲೆಯ ದೊಡ್ಡ ಜಲಾಶಯ ವಾಣಿವಿಲಾಸ ಸಾಗರವೇ ಕೋಡಿ ಬಿದ್ದ ಆ ವರ್ಷ, ನಮ್ಮ ಕೆರೆಯೂ ಕೋಡಿ ಹರಿಯಿತು. ಬಾಗಿನ ಬಿಡಲು ಬಂದ ಜನರನ್ನು ನೋಡಿ ಇನ್ನು ಚಿಂತೆಯಿಲ್ಲ ಎಂದುಕೊಂಡೆ. ಮುಂದಿನ ತಿಂಗಳ ಸಭೆಗೆ ಒಂಬತ್ತು ಮಂದಿ ಬಂದರು. ಆ ಸಭೆಯಲ್ಲೇ ತೂಬನ್ನು ದುರಸ್ತಿ ಮಾಡಿಸಿ, ವರ್ಷದಲ್ಲಿ ನಿಗದಿಯಾದ ದಿನಗಳು ಮಾತ್ರ ಕಾಲುವೆಗೆ ನೀರು ಬಿಡುವುದೆಂದೂ, ಅದಕ್ಕೆ ಸಂಬಳದ ನೀರುಗಂಟಿಯೊಬ್ಬರನ್ನು ನೇಮಿಸುವುದೆಂದೂ ತೀರ್ಮಾನವಾಯಿತು. ಹಳೆಯ ಕಾಲದಂತೆ ಒಂದೇ ಕೇರಿಯಿಂದ ಬೇಡ ಎಂದು ಅರ್ಜಿ ಕರೆದೆವು. ಆಯ್ಕೆಯಾದವರು ಅಚ್ಚುಕಟ್ಟಿನ ಕೊನೆಯ ಗದ್ದೆಯ ಒಬ್ಬ ಹೆಣ್ಣುಮಗಳು, ಏಕೆಂದರೆ ಕೊನೆಯ ಗದ್ದೆಗೆ ನೀರು ತಲುಪುವವರೆಗೆ ಆಕೆ ತೂಬು ಇಳಿಸುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ತೂಬಿನ ಕೀಲಿ ಈಗ ಅವರ ಬಳಿ ಇದೆ. ಅವರ ಎರಡು ತಿಂಗಳ ಸಂಬಳ ಬಾಕಿ ಇದೆ. ಈ ವಾರ ಮೀನಿನ ಹರಾಜು ನಡೆದರೆ ಮೊದಲು ಅದನ್ನು ತೀರಿಸಬೇಕು.